ಮೂರನೇ ಸಲದ ‘ಬೇಡ’

ಆ ಚಳಿಗಾಲದಲ್ಲಿ ನನ್ನ ಸೊಸೆ ಆರ್ಡಿಸ್‌ಗೆ ಹಿಮ ಕಂಡರೆ ಆಗುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಕೊರಿನ್ ಹೌಗನ್ ಕಂಡರೆ ಆಗುತ್ತಿರಲಿಲ್ಲ. ತೊಂದರೆ ಏನೆಂದರೆ, ಒಂದು ಬಂದರೆ ಇನ್ನೊಂದು ಅದರ ಬೆನ್ನಿಗೇ ಬರುತ್ತಿತ್ತು.

ನಮ್ಮ ಡಕೋಟಾದಲ್ಲಿ ಹೊಲದ ಮನೆಗಳು ಒಂದಕ್ಕೊಂದು ಕೂಗಿದರೆ ಕೇಳಿಸುವಷ್ಟು ಹತ್ತಿರ ಇರುವುದಿಲ್ಲ. ಮಕ್ಕಳು ಬಸ್ಸು ಹತ್ತಿ ನೂರ್ಡಾಲ್ ಪೇಟೆಯ ಶಾಲೆಗೆ ಹೋಗಬೇಕು. ಹಗಲು ಹೊತ್ತಿನಲ್ಲಿ ಹಿಮಗಾಳಿ ಎದ್ದುಬಿಟ್ಟರೆ ಬಸ್ಸನ್ನು ಬಿಡುವುದಿಲ್ಲ. ಹಾಗಾಗಿ ಶಾಲೆ ಶುರುವಾದ ಕೂಡಲೇ ಹಳ್ಳಿಯ ಒಂದೊಂದು ಮಗುವಿಗೂ ಪೇಟೆಯಲ್ಲಿ ಒಂದೊಂದು ಮನೆ ಗೊತ್ತುಮಾಡಿಡುತ್ತಾರೆ. ಅದನ್ನು ನಾವು ಬಿರುಗಾಳಿ-ಮನೆ ಎನ್ನುತ್ತೇವೆ. ಗಾಳಿ ನಿಂತು ದಾರಿ ತೆರೆಯುವವರೆಗೆ ಮಗು ಅಲ್ಲೇ ಉಣ್ಣಬೇಕು, ಅಲ್ಲೇ ಮಲಗಬೇಕು. ನನ್ನ ಮಗ ಲೈಲ್ ಚಿಕ್ಕವನಿದ್ದಾಗ ಅವನಿಗೆ ಪಾದ್ರಿಯ ಮನೆ ಬಿದ್ದಿತ್ತು. ಅಲ್ಲಿ ಟರ್ನಿಪ್ ಸಾರು, ಊಟಕ್ಕೆ ಮುಂಚೆ ಒಂದು ಪ್ರಾರ್ಥನೆ, ಊಟದ ಮೇಲೆ ಎರಡು. ಹಿಮ ಬೀಳಲಿ ಅಂತ ಅವನು ಒಂದು ದಿನವೂ ಆಸೆಪಟ್ಟವನಲ್ಲ.

ಅವನ ಮಗಳು ರೆನೆಗೆ ಬಿದ್ದದ್ದು ಕೊರಿನ್‌ಳ ಮನೆ. ಕೊರಿನ್‌ಳ ಗಂಡ ನಮ್ಮೂರಿನವನೇ, ಅಪ್ಪನ ಔಷಧಿ ಅಂಗಡಿ ನೋಡಿಕೊಳ್ಳಲು ಶಿಕಾಗೋದಿಂದ ಹೆಂಡತಿಯನ್ನು ಕರೆದುಕೊಂಡು ವಾಪಸು ಬಂದಿದ್ದ. ಮಕ್ಕಳಿರಲಿಲ್ಲ. ಡಿಸೆಂಬರಿನ ಒಂದು ಗಾಳಿಗೆ ರೆನೆ ಅಲ್ಲಿ ಒಂದೇ ಒಂದು ರಾತ್ರಿ ಉಳಿದು ಬಂದಳು. ಬಂದವಳು ಬೂಟು ಬಿಚ್ಚುವ ಮೊದಲೇ ಶುರುಮಾಡಿದಳು.

“ಅಮ್ಮ, ಕೊರಿನ್ ಮನೇಲಿ ಸ್ನಾನದ ತೊಟ್ಟಿ ಗುಲಾಬಿ ಬಣ್ಣದ್ದು!”

“ಕೊರಿನ್ ಅಂತೀಯಲ್ಲೇ! ಮಿಸೆಸ್ ಹೌಗನ್ ಅನ್ನು.”

“ಅವರೇ ಹಾಗೆ ಕರಿ ಅಂದ್ರು. ಅಮ್ಮ, ಕೊರಿನ್ ರೊಟ್ಟಿ ಮೇಲೆ ದಾಲ್ಚಿನ್ನಿ ಸಕ್ಕರೆ ಉದುರಿಸ್ತಾರೆ.”

“ನಾನೂ ಉದುರಿಸ್ತೀನಲ್ಲ.”

“ನೀನು ಬರೀ ಸಕ್ಕರೆ ಉದುರಿಸ್ತೀಯ.”

ಮಾರನೆಯ ಬೆಳಿಗ್ಗೆ ಆರ್ಡಿಸ್ ರೊಟ್ಟಿಯ ಮೇಲೆ ಸುರಿದ ದಾಲ್ಚಿನ್ನಿಗೆ ಲೈಲ್ ಕೆಮ್ಮಿ ಕೆಮ್ಮಿ ಹೊರಗೆ ಎದ್ದುಹೋದ. ನಾನು ಬಾಯಿ ಮುಚ್ಚಿಕೊಂಡು ತಿಂದೆ. ಅತ್ತೆಯಾದವಳು ಯಾವಾಗ ಬಾಯಿ ಮುಚ್ಚಿಕೊಳ್ಳಬೇಕು ಎಂಬುದಷ್ಟನ್ನು ನಾನು ಚೆನ್ನಾಗಿ ಕಲಿತಿದ್ದೇನೆ.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಕೊರಿನ್ ಇಲ್ಲದ ದಿನವಿರಲಿಲ್ಲ. ಕೊರಿನ್ ಪಿಯಾನೊ ನುಡಿಸುತ್ತಾರೆ, ಕೊರಿನ್ ಮಲಗುವಾಗ ದೀಪ ಆರಿಸುವುದಿಲ್ಲ, ಕೊರಿನ್ ಅವರ ಬೆಕ್ಕಿಗೆ ಕುರ್ಚಿ ಇದೆ. ಊಟದ ಮೊದಲಿನ ಪ್ರಾರ್ಥನೆಯ ಕೊನೆಗೆ ರೆನೆ ತನ್ನದೇ ಒಂದು ಸಾಲು ಸೇರಿಸತೊಡಗಿದಳು: “ಆಮೇಲೆ ದೇವರೇ, ಸ್ವಲ್ಪ ಹಿಮ.” ಲೈಲ್ ನಕ್ಕ. ಆರ್ಡಿಸ್ ಚಮಚವನ್ನು ತಟ್ಟೆಯ ಪಕ್ಕ ನೇರವಾಗಿ ಇಟ್ಟಳು. ಸಿಟ್ಟು ಬಂದಾಗ ಅವಳು ಎಲ್ಲವನ್ನೂ ನೇರವಾಗಿ ಇಡುತ್ತಾಳೆ.

“ಹೊಟ್ಟೆಕಿಚ್ಚೇನೇ?” ಅಂತ ಒಮ್ಮೆ ಪಾತ್ರೆ ಒರೆಸುತ್ತಾ ಕೇಳಿದೆ.

“ಯಾರಿಗೆ? ನನಗಾ? ಪರವಾಗಿಲ್ಲ ಅತ್ತೆ, ಒಳ್ಳೇ ಹೆಂಗಸು. ಬಹಳ ಒಳ್ಳೆಯವಳು.”

ನಮ್ಮ ಜನ ನಾರ್ವೆಯಿಂದ ಬಂದವರು. ಮನಸ್ಸಿನಲ್ಲಿದ್ದದ್ದನ್ನು ಬಾಯಿಗೆ ತರುವುದು ನಮ್ಮಲ್ಲಿ ಬೆತ್ತಲೆ ಓಡಾಡಿದ ಹಾಗೆ. ನಮ್ಮವರು ಯಾರನ್ನಾದರೂ ‘ಬಹಳ ಒಳ್ಳೆಯವಳು’ ಎಂದರೆ ಆಕೆಯ ಕಥೆ ಮುಗಿಯಿತೆಂದೇ ಅರ್ಥ. ಇನ್ನು ಏನಾದರೂ ಕೊಟ್ಟರೆ ಒಂದೇ ಸಲಕ್ಕೆ ತೆಗೆದುಕೊಳ್ಳುವುದಂತೂ ಇಲ್ಲವೇ ಇಲ್ಲ. ಕಾಫಿ ಬೇಕಾ ಎಂದರೆ ಮೊದಲ ಸಲ ಬೇಡ ಅನ್ನಬೇಕು. ಎರಡನೇ ಸಲ, ಅಯ್ಯೋ ನಿಮಗ್ಯಾಕೆ ತೊಂದರೆ ಅನ್ನಬೇಕು. ಮೂರನೇ ಸಲ ಕೇಳಿದರೆ, ಮಾಡಿಬಿಟ್ಟಿದ್ದರೆ ಒಂದು ಅರ್ಧ ಬಟ್ಟಲು ಅನ್ನಬೇಕು. ಕೊಡುವವರೂ ಮೂರು ಸಲ ಕೇಳಿಯೇ ಕೇಳುತ್ತಾರೆ. ಕೊರಿನ್ ಹೊಸದಾಗಿ ಬಂದಾಗ ಚರ್ಚಿನಲ್ಲಿ ಪಾದ್ರಿಯ ಹೆಂಡತಿಗೆ ಕಾಫಿ ಬೇಕಾ ಎಂದು ಕೇಳಿ, ಆಕೆ ಬೇಡ ಅಂದ ಕೂಡಲೇ ಹೂಜಿಯನ್ನು ಎತ್ತಿಕೊಂಡು ಮುಂದೆ ಹೋಗಿಬಿಟ್ಟಿದ್ದಳು. ಪಾಪ, ಆ ಹೆಂಗಸು ಒಣ ಗಂಟಲಿನಲ್ಲಿ ಎರಡು ತಾಸು ಕೂತಳು. ಆಗ ಆರ್ಡಿಸ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು.

ಮಾರ್ಚಿನಲ್ಲಿ ಆ ದೊಡ್ಡ ಗಾಳಿ ಬಂತು. ಬೆಳಿಗ್ಗೆ ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಗಾಳಿಯೇ ಇರಲಿಲ್ಲ. ಅಂಥ ಬೆಳಗನ್ನು ನಾನು ಎಂದೂ ನಂಬುವುದಿಲ್ಲ. ಆರ್ಡಿಸ್ ರೆನೆಯ ಬಾಯಿ ತೆರೆಸಿ ಒಳಗೆ ನೋಡಿದಳು.

“ಗಂಟಲು ಕೆಂಪಗಿದೆ. ಇವತ್ತು ಮನೇಲಿರು.”

“ಇಲ್ಲಮ್ಮ, ಅದು ಜ್ಯಾಮ್!”

ಬಸ್ಸು ಬಂತು, ಹುಡುಗಿ ಹಾರಿಕೊಂಡು ಹೋದಳು. ಆಮೇಲೆ ಹಾಸಿಗೆ ಸರಿಮಾಡಲು ಮೇಲೆ ಹೋದ ಆರ್ಡಿಸ್ ಎಷ್ಟು ಹೊತ್ತಾದರೂ ಕೆಳಗೆ ಬರಲಿಲ್ಲ. ನಾನು ಮೆಟ್ಟಿಲ ಬುಡದಿಂದ ಕೂಗಿದೆ.

“ದಿಂಬಿನ ಕೆಳಗೆ ರಾತ್ರಿ ಅಂಗಿ ಇಲ್ಲ ಅತ್ತೆ,” ಎಂದಳು. “ಚೀಲದಲ್ಲಿ ಹಾಕ್ಕೊಂಡು ಹೋಗಿದ್ದಾಳೆ. ಗಾಳಿ ಬರುತ್ತೆ ಅಂತ ರೇಡಿಯೊ ಹೇಳಿದ್ದು ಕೇಳಿಸ್ಕೊಂಡಿದ್ದಾಳೆ, ಗೊತ್ತಿದ್ದೇ ಹೋಗಿದ್ದಾಳೆ.”

ಮಧ್ಯಾಹ್ನದ ಊಟದ ಹೊತ್ತಿಗೆ ವಾಯವ್ಯದಿಂದ ಬಿಳಿಯ ಗೋಡೆಯೊಂದು ಎದ್ದು ಬಂದು ಕೊಟ್ಟಿಗೆಯನ್ನು ನುಂಗಿತು, ಅಂಗಳದ ಕಂಬವನ್ನು ನುಂಗಿತು, ಕೊನೆಗೆ ನಮ್ಮ ಮೆಟ್ಟಿಲನ್ನೂ ನುಂಗಿತು. ಬಸ್ಸು ಬಿಡುವುದಿಲ್ಲ, ಮಕ್ಕಳೆಲ್ಲ ಅವರವರ ಬಿರುಗಾಳಿ-ಮನೆಗೆ ಹೋಗುತ್ತಾರೆ ಎಂದು ರೇಡಿಯೊ ಹೇಳಿತು. ಲೈಲ್ ಹಿಂಬಾಗಿಲಿನಿಂದ ಕೊಟ್ಟಿಗೆಗೆ ಹಗ್ಗ ಬಿಗಿದ. ಕರೆಂಟು ಹೋದರೆ ಪಂಪು ನಿಲ್ಲುತ್ತದೆಂದು ನಾವು ಹೆಂಗಸರು ಸ್ನಾನದ ತೊಟ್ಟಿ, ಹಂಡೆ, ಕೊನೆಗೆ ಕೇಕಿನ ತಗಡುಗಳನ್ನೂ ಬಿಡದೆ ನೀರು ತುಂಬಿದೆವು. ಬಾಗಿಲ ಸಂದಿಗೆ ಹಳೆಯ ಕಂಬಳಿ ತುರುಕಿದೆವು. ಮೇಲಿನ ಕೋಣೆಗಳನ್ನು ಮುಚ್ಚಿ ಹಾಸಿಗೆಗಳನ್ನು ಅಡುಗೆಮನೆಗೆ, ಸೌದೆ ಒಲೆಯ ಹತ್ತಿರ ಎಳೆದೆವು. ಮಾರಿಬಿಡೋಣ ಅಂತ ಲೈಲ್ ವರ್ಷವೂ ಹೇಳುತ್ತಿದ್ದ ಒಲೆ ಅದು.

“ಟ್ರ್ಯಾಕ್ಟರ್ ತಗೊಂಡು ಹೋಗಿ ಕರ್ಕೊಂಡು ಬಾ ಲೈಲ್,” ಎಂದಳು ಆರ್ಡಿಸ್.

ಲೈಲ್ ಹುಬ್ಬಿನ ಮೇಲಿನ ಮಂಜುಗಡ್ಡೆಯನ್ನು ಕೆರೆದು ತೆಗೆಯುತ್ತಿದ್ದ. “ಹಗ್ಗ ಹಿಡಿದಿದ್ದ ನನ್ನ ಕೈ ನನಗೇ ಕಾಣ್ಲಿಲ್ಲ ಕಣೇ. ಅವಳು ಬೆಚ್ಚಗಿದ್ದಾಳೆ, ಪೇಟೇಲಿದ್ದಾಳೆ. ನಮಗಿಂತ ಸುಖವಾಗಿದ್ದಾಳೆ.”

“ಅದು ನನಗೆ ಗೊತ್ತು,” ಎಂದಳು ಆರ್ಡಿಸ್. ಆ ‘ಗೊತ್ತು’ ಕೇಳಿ ಲೈಲ್ ಮತ್ತೆ ಕೊಟ್ಟಿಗೆಗೇ ಹೊರಟ.

ಸಂಜೆ ಫೋನು ಬಡಿಯಿತು. ನಮ್ಮ ಫೋನಿನ ತಂತಿಯಲ್ಲಿ ನಾಲ್ಕು ಮನೆಗಳಿವೆ, ಒಂದೊಂದಕ್ಕೂ ಬೇರೆ ಬೇರೆ ಬಗೆಯ ಗಂಟೆ. ಯಾರಿಗೆ ಗಂಟೆ ಬಡಿದರೂ ಉಳಿದವರು ಮೆಲ್ಲಗೆ ಎತ್ತಿ ಕೇಳುತ್ತಾರೆ. ಕೇಳುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಒಬ್ಬೊಬ್ಬರು ಎತ್ತಿದಾಗಲೂ ‘ಟಕ್’ ಅನ್ನುತ್ತದೆ, ಆ ಕಡೆಯ ದನಿ ಒಂದಿಷ್ಟು ಸಣ್ಣಗಾಗುತ್ತದೆ. ಆರ್ಡಿಸ್ ಕಿವಿಗಿಟ್ಟುಕೊಂಡಳು, ನಾನು ಅವಳ ಪಕ್ಕ ಒರಗಿ ಕಿವಿ ಕೊಟ್ಟೆ. ಟಕ್, ಟಕ್, ಟಕ್.

“ಅಮ್ಮ! ನಿಮ್ಮಲ್ಲಿ ಕರೆಂಟ್ ಹೋಯ್ತಾ? ಇಲ್ಲಿ ಇದೆ!”

“ಹೋಗಿದೆ ಪುಟ್ಟ. ನೀನು ಹೇಗಿದ್ದೀಯ?”

“ಚೆನ್ನಾಗಿದ್ದೀನಿ! ಕೊರಿನ್ ಮತ್ತೆ ನಾನು ಜೋಳದ ಅರಳು ಹುರಿದ್ವಿ. ಇವತ್ತು ನಾನು ಬೆಕ್ಕಿನ ಜೊತೆ ಮಲಗ್ತೀನಿ!”

“ಮನೆ ನೆನಪಾಗಲ್ವಾ?”

“ಇಲ್ಲ!” ಎಂದಳು ಹುಡುಗಿ. ಎಷ್ಟು ಜೋರಾಗಿ ಹೇಳಿದಳೆಂದರೆ ನಮ್ಮ ತಂತಿಯ ನಾಲ್ಕೂ ಮನೆಗೆ ಕೇಳಿಸಿರಬೇಕು.

ಆಮೇಲೆ ಕೊರಿನ್ ಮಾತಾಡಿದಳು. “ಆರ್ಡಿಸ್, ನೀವು ಒಂಚೂರೂ ಯೋಚನೆ ಮಾಡ್ಬೇಡಿ. ನಮ್ಮ ಹುಡುಗಿ ಬಂಗಾರದಂಥವಳು.”

“ತುಂಬಾ ಉಪಕಾರವಾಯ್ತು,” ಎಂದಳು ಆರ್ಡಿಸ್. ಫೋನನ್ನು ಇಟ್ಟು, ಅದರ ವೈರನ್ನು ಗೋಡೆಗೆ ನೇರವಾಗಿ ಜೋಡಿಸಿದಳು. “ಕೇಳಿದ್ರಾ ಅತ್ತೆ? ನಮ್ಮ ಹುಡುಗಿಯಂತೆ. ಯಾರ ಹುಡುಗಿ?”

“ಮಾತಿಗೆ ಅಂದಿದ್ದಾಳೆ ಬಿಡೆ.”

“ಒಂಬತ್ತು ತಿಂಗಳು ವಾಂತಿ ಮಾಡ್ಕೊಂಡವಳು ನಾನು. ಅವಳು ಜೋಳ ಹುರಿದ್ಲು, ಅವಳ ಹುಡುಗಿ ಆಗ್ಬಿಟ್ಲು.”

ಎರಡನೆಯ ದಿನವೂ ಗಾಳಿ ಮನೆಯನ್ನು ಹಿಡಿದು ಅಲ್ಲಾಡಿಸುತ್ತಲೇ ಇತ್ತು. ಆರ್ಡಿಸ್ ಆಲೂಗಡ್ಡೆ ಬೇಯಿಸಿ, ಕಿವುಚಿ, ರೆನೆಗೆ ಇಷ್ಟವಾದ ತೆಳು ರೊಟ್ಟಿ ಲೆಫ್ಸೆ ತಟ್ಟಲು ಕೂತಳು. ತಿನ್ನುವವಳು ಇಲ್ಲಿರಲಿಲ್ಲ. ಆದರೂ ತಟ್ಟಿದಳು, ತಟ್ಟಿ ತಟ್ಟಿ ಒಟ್ಟಿದಳು. ತಟ್ಟುತ್ತಲೇ ಮಾತಾಡಿದಳು.

“ನನಗೆ ಪಿಯಾನೊ ಬರಲ್ಲ. ಸರಿ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಾಲು ಕರೆಯೋಳಿಗೆ ಪಿಯಾನೊ ಯಾವಾಗ ಬರ್ಬೇಕು? ಅವಳಿಗೆ ಮಧ್ಯಾಹ್ನ ಪೂರ್ತಿ ಕೆಲಸ ಇಲ್ಲ, ಮಗುವಿನ ಕೂದಲು ಬಾಚ್ತಾ ಕೂತ್ಕೋತಾಳೆ. ನಾನೂ ಬಾಚ್ತೀನಿ, ಬಸ್ ಹಾರ್ನ್ ಹೊಡೀತಿರುತ್ತೆ. ಮಗು ಅಳುತ್ತೆ. ಅವಳ ಕೈಲಿ ಅಳಲ್ಲ.”

“ವರ್ಷಕ್ಕೆ ಎರಡು ರಾತ್ರಿ ಕಣೇ ಅದು.”

“ಎರಡು ರಾತ್ರಿಗೇ ಹೀಗಾದ್ರೆ?” ಎಂದಳು. ಅವಳು ಹೆದರಿದ್ದು ಆ ಮಾತಿಗೇ. ಮಗಳು ಒಂದು ದಿನ ಎರಡು ಮನೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ, ತನ್ನನ್ನು ಬಿಟ್ಟು ಆ ಕಡೆಯದನ್ನು ಆರಿಸಿಕೊಂಡುಬಿಟ್ಟರೆ ಎಂದು.

ಮೂರನೆಯ ಬೆಳಿಗ್ಗೆ ಎದ್ದರೆ ಸದ್ದೇ ಇಲ್ಲ. ಬಿಸಿಲು ಕಣ್ಣು ಕುಕ್ಕುತ್ತಿತ್ತು. ಕೊಟ್ಟಿಗೆಯ ಒಂದು ಮಗ್ಗುಲು ಮಾಡಿನವರೆಗೂ ಹಿಮದಲ್ಲಿ ಹೂತುಹೋಗಿತ್ತು, ಲೈಲ್ ಸಲಿಕೆ ಹಿಡಿದು ಬಾಗಿಲು ಹುಡುಕಲು ಹೋದ. ಬ್ಯಾಟರಿ ರೇಡಿಯೊದವನು ಮಾತ್ರ, ಈ ಬಿಸಿಲನ್ನು ನಂಬಬೇಡಿ ಎಂದ. ಹಿಂದೆ ಇನ್ನೊಂದು ಗಾಳಿ ಇದೆ, ಮಧ್ಯಾಹ್ನಕ್ಕೋ ಸಂಜೆಗೋ ಬರಬಹುದು, ಮನೆ ಬಿಟ್ಟು ಹೊರಡಬೇಡಿ.

ಆಗ ನಮ್ಮ ಗಂಟೆ ಬಡಿಯಿತು. ಟಕ್, ಟಕ್, ಟಕ್.

“ಆರ್ಡಿಸ್, ನಾನು ಕೊರಿನ್. ಹಿಮ ತೆಗೆಯೋ ಗಾಡಿಯವನು ಇಲ್ಲೇ ಅಡುಗೆಮನೇಲಿ ಮೊಟ್ಟೆ ತಿಂತಾ ಇದ್ದಾನೆ. ನಿಮ್ಮ ರಸ್ತೆ ಕಡೆ ಬರ್ತಾನಂತೆ. ರೆನೆನ ಪಕ್ಕದಲ್ಲಿ ಕೂರಿಸ್ಕೊಂಡು ಬಂದು ಬಿಡ್ತೀನಿ ಅಂತಾನೆ. ಕಳಿಸ್ಲಾ?”

ಆರ್ಡಿಸ್‌ಳ ಮುಖ ಅರಳಿದ್ದನ್ನು ನಾನು ನೋಡಿದೆ. ಇಡೀ ಮುಖ, ಕಿವಿಯವರೆಗೆ. ಆದರೆ ಬಾಯಿ ಹುಟ್ಟಿದ ಲಾಗಾಯ್ತಿನಿಂದ ಕಲಿತದ್ದನ್ನೇ ನುಡಿಯಿತು.

“ಅಯ್ಯೋ ಬೇಡ ಬೇಡ, ಅವನಿಗ್ಯಾಕೆ ತೊಂದರೆ.”

“ಸರಿ ಹಾಗಾದ್ರೆ!” ಎಂದಳು ಕೊರಿನ್ ಖುಷಿಯಾಗಿ. “ನಮ್ಮ ಜೊತೇಲೇ ಇರ್ಲಿ.” ಫೋನ್ ಇಟ್ಟೇಬಿಟ್ಟಳು.

ಆರ್ಡಿಸ್ ಫೋನನ್ನು ಕಿವಿಗೆ ಹಾಗೇ ಹಿಡಿದು ನಿಂತಿದ್ದಳು, ಎರಡನೇ ಸಲ ಕೇಳುತ್ತಾಳೆಂದು ಕಾಯುತ್ತಾ. ತಂತಿಯಲ್ಲಿ ಯಾರೋ ಉಸಿರೆಳೆದುಕೊಂಡರು. ಆಮೇಲೆ ನಮ್ಮ ಉತ್ತರದ ನೆರೆಯವನಾದ ಟಿಲ್ಫರ್ಡ್‌ನ ದನಿ ಕೇಳಿಸಿತು. ಮದುವೆಯಾಗದ ಮುದುಕ, ವರ್ಷಕ್ಕೆ ಹತ್ತು ಮಾತು ಆಡಿದರೆ ಹೆಚ್ಚು.

“ಎರಡನೇ ಸಲ ಕೇಳಲೇ ಇಲ್ವಲ್ಲಪ್ಪ,” ಎಂದ ಅವನು, ತನಗೆ ತಾನೇ ಅನ್ನುವ ಹಾಗೆ.

“ಫೋನಿಡು ಟಿಲ್ಫರ್ಡ್!” ಎಂದು ಆರ್ಡಿಸ್ ಕಿರುಚಿದಳು.

ಫೋನಿಟ್ಟು ನನ್ನ ಕಡೆ ತಿರುಗಿದಳು. “ಬೇಕೂಂತಲೇ ಮಾಡಿದ್ಲು ಅತ್ತೆ. ಗೊತ್ತಿದ್ದೇ ಮಾಡಿದ್ಲು.”

“ಅವಳಿಗೆ ನಮ್ಮ ಪದ್ಧತಿ ಗೊತ್ತಿಲ್ವೇ. ಕಾಫಿ ವಿಷಯ ಮರೆತುಹೋಯ್ತಾ?”

“ಅದು ಕಾಫಿ. ಇದು ನನ್ನ ಮಗಳು. ನಾಲ್ಕು ವರ್ಷ ಆಯ್ತು ಬಂದು, ಇನ್ನೂ ಕಲೀಲಿಲ್ವಾ? ‘ನಮ್ಮ ಜೊತೇಲೇ ಇರ್ಲಿ’ ಅಂತ ಎಷ್ಟು ಖುಷಿಯಾಗಿ ಹೇಳಿದ್ಲು ನೋಡಿದ್ರಾ?”

“ಹಾಗಾದ್ರೆ ನೀನೇ ಫೋನ್ ಮಾಡಿ ಕಳ್ಸು ಅನ್ನು. ಆಯ್ತಲ್ಲ.”

ನನ್ನನ್ನು ಹುಚ್ಚಿ ಎನ್ನುವ ಹಾಗೆ ನೋಡಿದಳು. ಬೇಡ ಅಂದವಳು ಬೇಕು ಅಂತ ತಿರುಗಿ ಫೋನ್ ಮಾಡುವುದೇ? ನಾಲ್ಕು ಮನೆ ಕೇಳಿಸಿಕೊಳ್ಳುವಾಗ? ನಮ್ಮಲ್ಲಿ ಜನ ಹಿಮದಲ್ಲಿ ಹೂತುಹೋದಾರು, ಅದನ್ನು ಮಾತ್ರ ಮಾಡಲಾರರು. ನನ್ನ ಸೊಸೆಯೂ ಹಿಮವನ್ನೇ ಆರಿಸಿಕೊಂಡಳು. ಗೂಟದಿಂದ ಕೋಟು ತೆಗೆದಳು, ಲೈಲ್‌ನ ಉಣ್ಣೆ ಕಾಲುಚೀಲದ ಮೇಲೆ ಬೂಟು ಏರಿಸಿದಳು, ಪಿಕಪ್ ಗಾಡಿಯ ಕೀಲಿ ಕೈಗೆತ್ತಿಕೊಂಡಳು.

“ಎಲ್ಲಿಗೇ?”

“ನನ್ನ ಮಗಳನ್ನ ಕರ್ಕೊಂಡು ಬರೋಕೆ. ಬಿಸಿಲಿದೆ. ಗಾಳಿ ಇಲ್ಲ.”

“ರಸ್ತೆ ಎಲ್ಲಿದೆ ತೋರ್ಸು ನೋಡೋಣ. ಬೇಲಿ ಕಂಬದ ತುದಿ ಸಹ ಕಾಣ್ತಿಲ್ಲ.”

“ಟೆಲಿಫೋನ್ ಕಂಬ ನೋಡ್ಕೊಂಡು ಹೋಗ್ತೀನಿ.”

“ಲೈಲ್‌ಗೆ ಹೇಳು.”

“ಹೇಳಿದ್ರೆ ಬಿಡ್ತಾನಾ?”

ಅವಳನ್ನು ಹಿಡಿದು ನಿಲ್ಲಿಸುವ ಶಕ್ತಿ ನನ್ನ ತೋಳಿಗಿಲ್ಲ. ಕೊಟ್ಟಿಗೆಗೆ ಕೂಗಿದರೆ ಸಲಿಕೆ ಸದ್ದಿನಲ್ಲಿ ಮಗನಿಗೆ ಕೇಳಿಸುವುದಿಲ್ಲ. ನನಗೆ ಹೊಳೆದದ್ದು ಒಂದೇ. ಚಳಿಗಾಲದಲ್ಲಿ ನಮ್ಮ ಕಡೆ ಯಾರೇ ಎಲ್ಲಿಗೇ ಹೊರಟರೂ, ಹೋಗುವ ಮನೆಗೆ ಮೊದಲು ಫೋನ್ ಮಾಡಿ ಹೊರಟಿದ್ದೇನೆ ಎನ್ನುತ್ತಾರೆ. ಹೊತ್ತಾದರೂ ತಲುಪದಿದ್ದರೆ ಹುಡುಕಲು ಹೊರಡಬೇಕಲ್ಲ.

“ಹೋಗೋದಾದ್ರೆ ಹೋಗು,” ಎಂದೆ. “ಆದ್ರೆ ಫೋನ್ ಮಾಡದೆ ಈ ಮನೆಯಿಂದ ಯಾರೂ ಹೊರಟಿಲ್ಲ. ನಿನ್ನ ಮಾವ ಇದ್ದಾಗಲೂ ಇಲ್ಲ. ಬರ್ತಾ ಇದ್ದೀನಿ ಅಂತ ಹೇಳಿ ಹೋಗು.”

ಅದಕ್ಕೆ ಇಲ್ಲ ಎನ್ನಲು ಅವಳಿಗೂ ಆಗಲಿಲ್ಲ. ಕೋಟಿನಲ್ಲೇ ಹೋಗಿ ಫೋನ್ ಎತ್ತಿದಳು. ಎತ್ತಿದವಳು ಗಕ್ಕನೆ ನಿಂತಳು, ನಾನೂ ಕಿವಿ ಹಚ್ಚಿದೆ. ತಂತಿಯಲ್ಲಿ ಆಗಲೇ ಟಿಲ್ಫರ್ಡ್ ಮಾತಾಡುತ್ತಿದ್ದ. ನಮ್ಮ ಟಿಲ್ಫರ್ಡ್, ಕೊರಿನ್‌ಳ ಜೊತೆ!

“…ಹಾಗಲ್ಲಮ್ಮ. ಮೂರು ಸಲ ಕೇಳ್ಬೇಕು.”

“ಮೂರು ಸಲ?” ಕೊರಿನ್‌ಳ ದನಿ.

“ಮೂರು. ಮೊದಲನೇ ಬೇಡ ಬೇಡ ಅಲ್ಲ. ಎರಡನೇದೂ ಅಲ್ಲ.”

“ಮತ್ತೆ ನಿಜವಾಗ್ಲೂ ಬೇಡ ಅನ್ನೋಕೆ ಏನಂತೀರಿ ನೀವು?”

ಟಿಲ್ಫರ್ಡ್ ಬಹಳ ಹೊತ್ತು ಯೋಚಿಸಿದ. “ಅದು ಯಾವತ್ತೂ ಬೇಕಾಗಿಲ್ಲ ನಮಗೆ,” ಎಂದ.

“ಹಾಗಾದ್ರೆ ನಾನು ಇಷ್ಟು ವರ್ಷ… ಅಯ್ಯೋ, ಪಾದ್ರಿ ಹೆಂಡ್ತಿ!” ಎಂದಳು ಕೊರಿನ್. “ಅಯ್ಯೋ ದೇವರೇ, ಆ ಕಾಫಿ!”

“ಹೂಂ,” ಎಂದ ಟಿಲ್ಫರ್ಡ್. “ಅದೇ.”

“ಟಿಲ್ಫರ್ಡ್,” ಎಂದಳು ಆರ್ಡಿಸ್, “ನೀನು ಸ್ವಲ್ಪ ಸುಮ್ನಿರು. ಕೊರಿನ್, ನಾನು ಆರ್ಡಿಸ್. ಹೊರಟಿದ್ದೀನಿ. ಪಿಕಪ್‌ನಲ್ಲಿ ಬರ್ತಾ ಇದ್ದೀನಿ. ರೆನೆಗೆ ಕೋಟು ಹಾಕಿ ಇಟ್ಟಿರಿ.”

ಆ ಕಡೆ ಏನೋ ಬಿದ್ದ ಸದ್ದು, ಕಾಲ ಸದ್ದು, ಪುಟ್ಟ ಉಸಿರು.

“ಅಮ್ಮ, ಬರಬೇಡ!”

ಆರ್ಡಿಸ್ ಕೀಲಿಗೊಂಚಲನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬೆರಳು ಬೆಳ್ಳಗಾಗಿದ್ದವು. ಎರಡು ದಿನದಿಂದ, ಅಲ್ಲ, ಡಿಸೆಂಬರಿನಿಂದ ಅವಳು ಕಾದಿದ್ದ ಮಾತೇ ಅದು. ಈಗ ಬಂದಿತ್ತು, ನಾಲ್ಕೂ ಮನೆಯವರ ಎದುರಿಗೆ.

“ಅಲ್ಲೇ ಇರ್ತೀಯಾ?” ಎಂದಳು ಕೊನೆಗೆ. “ಅವರ ಹತ್ರಾನೇ ಇರಬೇಕಾ ನಿನಗೆ?”

“ಬರಬೇಡ ಅಮ್ಮ, ದಾರಿ ಇಲ್ಲ! ನೀನು ಬರಬಾರದು ಅಂತ ನಾನು ಅಳ್ಲೇ ಇಲ್ಲ!” ಅಷ್ಟು ಹೇಳಿ ಮಗು ಗೊಳೋ ಎಂದು ಅತ್ತಳು. ಎರಡು ರಾತ್ರಿಯದನ್ನು ಒಟ್ಟಿಗೆ ಅತ್ತಳು. “ನಿನ್ನೆ ಅಳು ಬಂತು… ದಿಂಬು ಕಚ್ಚಿಕೊಂಡೆ… ಕೊರಿನ್‌ಗೂ ಹೇಳ್ಬೇಡಿ ಅಂದೆ… ಹೇಳಿದ್ರೆ ನೀನು ಹೊರಟುಬಿಡ್ತೀಯ, ನೀನು ಹಾಗೇ!”

ನನ್ನ ಸೊಸೆ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟಳು, ಕೋಟು ಬೂಟು ಸಮೇತ.

“ಅಷ್ಟು ಇಷ್ಟ ಅಂತಿದ್ಯಲ್ಲ ಅಲ್ಲಿ,” ಎಂದಳು. ಆಗಲೂ ಬಿಡಲಿಲ್ಲ ನೋಡಿ.

“ಇಷ್ಟಾನೇ!” ಎಂದಳು ಮಗು ಅಳುತ್ತಲೇ. “ಬೆಕ್ಕು ಇಷ್ಟ. ಕೊರಿನ್ ಇಷ್ಟ. ಆದ್ರೆ ರಾತ್ರಿ ಇಷ್ಟ ಇಲ್ಲ.”

ಆ ಮೇಲೆ ಕೊರಿನ್ ಫೋನ್ ತೆಗೆದುಕೊಂಡಳು. ಅವಳ ದನಿಯೂ ಒದ್ದೆಯಾಗಿತ್ತು.

“ಆರ್ಡಿಸ್, ನನ್ನದು ತಪ್ಪಾಯ್ತು. ನೀವು ಬೇಡ ಅಂದಾಗ ನನಗೆ ಖುಷಿಯಾಗಿದ್ದು ನಿಜ, ಸುಳ್ಳು ಹೇಳಲ್ಲ. ಮನೇಲಿ ಮಗು ಇದ್ರೆ ಚೆನ್ನಾಗಿರುತ್ತೆ. ಗಾಡಿಯವನು ಇನ್ನೂ ಇಲ್ಲೇ ಇದ್ದಾನೆ. ಎರಡನೇ ಸಲ ಕೇಳ್ತಾ ಇದ್ದೀನಿ. ಕಳಿಸ್ಲಾ?”

ಈಗ ಬೇಕು ಎನ್ನಲು ಒಂದೇ ಮೆಟ್ಟಿಲು ಬಾಕಿ. ತಾಸಿನೊಳಗೆ ಮಗಳು ಈ ಅಡುಗೆಮನೆಯಲ್ಲಿರುತ್ತಾಳೆ. ಆರ್ಡಿಸ್ ಕಿಟಕಿಯ ಕಡೆ ನೋಡಿದಳು. ನಾನೂ ನೋಡಿದೆ. ಬಿಸಿಲಿನಲ್ಲಿ ಹೊಲ ಹೊಳೆಯುತ್ತಿತ್ತು. ಆದರೆ ವಾಯವ್ಯದ ಅಂಚಿನಲ್ಲಿ, ನೆಲಕ್ಕೆ ಅಂಟಿದಂತೆ, ಕೊಳೆ ಬಟ್ಟೆಯ ಬಣ್ಣದ ಒಂದು ಗೆರೆ. ಈ ಸೀಮೆಯಲ್ಲಿ ಹುಟ್ಟಿದವರಿಗೆ ಅದರ ಬಗ್ಗೆ ರೇಡಿಯೊ ಹೇಳಬೇಕಾಗಿಲ್ಲ. ಗಾಡಿಯವನು ಮೊಟ್ಟೆ ಮುಗಿಸಿ, ಹೊರಟು, ನಮ್ಮ ರಸ್ತೆಯ ಅರ್ಧಕ್ಕೆ ಬರುವುದಕ್ಕೂ ಅದು ಬರುವುದಕ್ಕೂ ಸರಿಹೋಗುತ್ತಿತ್ತು. ಬರದೆಯೂ ಇರಬಹುದಿತ್ತು. ಗೆರೆ ಕೆಲವೊಮ್ಮೆ ತೆಂಕಣಕ್ಕೆ ಜಾರಿಹೋಗುವುದೂ ಉಂಟು.

“ಬೇಡ,” ಎಂದಳು ಆರ್ಡಿಸ್.

ತಂತಿಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದದ್ದು ನನಗೆ ಕೇಳಿಸಿತು. ಕೊರಿನ್ ಈಗ ತಾನೇ ಪಾಠ ಕಲಿತವಳು, ಬಿಡುವವಳಲ್ಲ.

“ಮೂರನೇ ಸಲ ಕೇಳ್ತಾ ಇದ್ದೀನಿ ಆರ್ಡಿಸ್. ಕಳಿಸ್ಲಾ?”

“ಬೇಡ ಕೊರಿನ್.” ಆರ್ಡಿಸ್ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. “ಇದು ಬೇಡ. ನಿಜವಾದ ಬೇಡ. ವಾಯವ್ಯದಲ್ಲಿ ಎದ್ದಿದೆ, ನನಗೆ ಕಾಣ್ತಾ ಇದೆ. ಬಾಗಿಲು ಹಾಕ್ಕೊಳ್ಳಿ, ಆ ಗಾಡಿಯವನನ್ನೂ ಹೊರಗೆ ಬಿಡ್ಬೇಡಿ.” ಫೋನನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. “ನನಗೆ ನಿಮ್ಮನ್ನ ಕಂಡ್ರೆ ಹೊಟ್ಟೆ ಉರಿಯುತ್ತೆ.”

ಅಮ್ಮಾ ತಾಯಿ! ನಲವತ್ತು ವರ್ಷದಲ್ಲಿ ನಮ್ಮ ತಂತಿಯಲ್ಲಿ ಯಾರೂ ಅಂಥ ಮಾತಾಡಿರಲಿಲ್ಲ. ಟಿಲ್ಫರ್ಡ್‌ಗೆ ಕೆಮ್ಮು ಬಂತು.

“ಗೊತ್ತು,” ಎಂದಳು ಕೊರಿನ್ ಮೆಲ್ಲಗೆ. “ಮೊನ್ನೆ ರಾತ್ರೀನೇ ರೆನೆ ಹೇಳಿದ್ಲು. ನನ್ನ ಹೆಸರು ಎತ್ತಿದ್ರೆ ಅಮ್ಮ ಚಮಚ ನೇರ ಮಾಡ್ತಾಳೆ ಅಂತ.”

“ಅದನ್ನೂ ಹೇಳಿದ್ಲಾ!”

“ಎಲ್ಲಾನೂ ಹೇಳ್ತಾಳೆ. ಬರೀ ನಿಮ್ಮ ಮಾತೇ. ಅಮ್ಮ ಹೀಗ್ಮಾಡ್ತಾಳೆ, ಅಮ್ಮ ಹಾಗ್ಮಾಡ್ತಾಳೆ. ನನಗೂ ಸಾಕಾಗ್ಬಿಟ್ಟಿದೆ ಒಂದೊಂದ್ಸಲ.”

“ರಾತ್ರಿ ಅತ್ರೆ ಅಳ್ಲಿ ಬಿಡಿ,” ಎಂದಳು ಆರ್ಡಿಸ್. “ಬೆನ್ನು ಸವರಿ. ಎಡಗಡೆ ಭುಜದ ಕೆಳಗೆ, ಮೇಲಿಂದ ಕೆಳಕ್ಕಲ್ಲ, ಸುತ್ತ ಸುತ್ತ…”

ಅಷ್ಟರಲ್ಲಿ ಗಾಳಿ ಮನೆಗೆ ಬಂದು ಬಡಿಯಿತು, ತಂತಿ ಗುಂಯ್ ಎಂದು ಸತ್ತಿತು. ಲೈಲ್ ಹಗ್ಗ ಹಿಡಿದುಕೊಂಡು ಒಳಗೆ ಬಿದ್ದವನೇ, ಕೋಟು ಹಾಕಿಕೊಂಡು ಕೂತ ಹೆಂಡತಿಯನ್ನು ನೋಡಿ, ಕೈಯಲ್ಲಿನ ಕೀಲಿ ನೋಡಿ, ನನ್ನನ್ನು ನೋಡಿದ. ನಾನು ತಲೆಯಾಡಿಸಿದೆ. ಅವನು ಏನೂ ಕೇಳದೆ ಹೆಂಡತಿಯ ಬೂಟಿನ ಕೊಕ್ಕೆ ಬಿಚ್ಚಲು ಕೆಳಗೆ ಕೂತ.

ಆ ಎರಡನೆಯ ಗಾಳಿ ಮೊದಲನೆಯದಕ್ಕಿಂತ ಕೆಟ್ಟದಾಗಿತ್ತು. ಕರೆಂಟೂ ಫೋನೂ ವಾಪಸು ಬಂದು, ದಾರಿ ತೆರೆದು ಲೈಲ್ ಮಗಳನ್ನು ಕರೆತಂದಾಗ ಹಿಮದ ನಡುವೆ ರಸ್ತೆ ಒಂದು ಕಾಲುವೆಯ ಹಾಗಿತ್ತು. ರೆನೆ ಅಮ್ಮನ ಕುತ್ತಿಗೆಗೆ ಜೋತುಬಿದ್ದಳು, ಒಣಗಿದ ಲೆಫ್ಸೆಯನ್ನೆಲ್ಲ ಬೆಣ್ಣೆ ಸವರಿ ತಿಂದಳು, ಗಾಡಿಯವನು ಎರಡು ದಿನ ಕೊರಿನ್‌ಳ ಸೋಫಾದ ಮೇಲೆ ಗೊರಕೆ ಹೊಡೆದ ಕಥೆ ಹೇಳಿದಳು. ಆರ್ಡಿಸ್ ನಗುತ್ತಾ ನಗುತ್ತಾ ಕೇಳಿದಳು. ಎಲ್ಲ ಸರಿಹೋಯಿತು ಎಂದುಕೊಂಡೆ ನಾನು.

ಹೊತ್ತು ಮುಳುಗುವಾಗ ಹುಡುಗಿ ಕಿಟಕಿಯ ಹತ್ತಿರ ಹೋಗಿ ನಿಂತಳು. ನಿಂತೇ ಇದ್ದಳು. ಭುಜ ಸಣ್ಣಗೆ ಅಲುಗುತ್ತಿತ್ತು.

“ಏನಾಯ್ತು ಪುಟ್ಟ?” ಎಂದಳು ಆರ್ಡಿಸ್.

“ಏನಿಲ್ಲ.”

“ಕೊರಿನ್ ನೆನಪಾದ್ರಾ?”

ಮಗು ಅಮ್ಮನ ಮುಖ ಹೇಗಾಗುತ್ತದೋ ಎಂದು ಕಳ್ಳನೋಟದಲ್ಲಿ ನೋಡಿತು. ಆ ಮುಖ ಏನು ಆಗಬೇಕೋ ಅದು ಆಗಿಯೇ ಆಯಿತು, ಒಂದು ಕ್ಷಣ. ಆಮೇಲೆ ಆರ್ಡಿಸ್ ಏಪ್ರನ್ನಿಗೆ ಕೈ ಒರೆಸಿಕೊಂಡು ಫೋನಿನ ಹತ್ತಿರ ಹೋಗಿ, ತಾನೇ ನಂಬರು ತಿರುಗಿಸಿದಳು.

“ಕೊರಿನ್, ನಾನು. ಇಲ್ಲೊಬ್ಬಳಿಗೆ ನಿಮ್ಮ ಹತ್ರ ಮಾತಾಡ್ಬೇಕಂತೆ. ಬಹಳ ಹೊತ್ತು ಬೇಡ, ಊಟದ ಹೊತ್ತು.”

ಫೋನನ್ನು ಮಗಳ ಕೈಗೆ ಕೊಟ್ಟು ನೇರವಾಗಿ ಪಾತ್ರೆ ತೊಳೆಯುವ ಕಡೆ ನಡೆದಳು, ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ತೊಳೆದಿಟ್ಟ ಬಾಣಲೆಯನ್ನೇ ಮತ್ತೆ ತೆಗೆದು ಉಜ್ಜತೊಡಗಿದಳು. ನನ್ನ ಕುರ್ಚಿ ಫೋನಿಗೆ ಹತ್ತಿರವೇ ಇತ್ತು, ಆದರೂ ಆ ಸದ್ದಿನಲ್ಲಿ ನನಗೊಂದು ಮಾತೂ ತಿಳಿಯಲಿಲ್ಲ. ಹುಡುಗಿ ನಗುತ್ತಿದ್ದದ್ದಷ್ಟು ಕಾಣಿಸಿತು.

“ಏನಂತಿದ್ದಾಳೆ ಅತ್ತೆ?” ಎಂದಳು ಆರ್ಡಿಸ್, ತಿರುಗದೆ.

“ನಲ್ಲಿ ನಿಲ್ಲಿಸಿದ್ರೆ ನಿನಗೇ ಕೇಳಿಸುತ್ತೆ.”

ಅವಳ ಕೈ ನಲ್ಲಿಯವರೆಗೂ ಹೋಯಿತು. ಅಲ್ಲಿ ಸ್ವಲ್ಪ ಹೊತ್ತು ಇತ್ತು. ನಂತರ ಬಾಣಲೆಯನ್ನು ಮಗುಚಿ, ಅದರ ತಳವನ್ನು ಉಜ್ಜಲು ಶುರುಮಾಡಿದಳು.